ಸೂಜಿ ಅರ್ಧ ಗಂಟೆ, ನೆರಳು ಆರು ವಾರ

ಮೊಡವೆ ಬಿಟ್ಟುಹೋದ ಗುಳಿಗಳಿಗೆ ಮೈಕ್ರೋನೀಡ್ಲಿಂಗ್ ಮಾಡಿಸಿಕೊಳ್ಳಲು ಹೋಗುವವರು ಸ್ಕಿನ್ ಡಾಕ್ಟರ ಎದುರು ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ನೋವಾಗುತ್ತದೆಯೇ, ಎಷ್ಟು ಸಿಟಿಂಗ್ ಬೇಕು, ಒಂದು ಸಿಟಿಂಗ್‌ಗೆ ಎಷ್ಟು ಖರ್ಚು, ಮುಖ ಎಷ್ಟು ದಿನ ಕೆಂಪಗಿರುತ್ತದೆ. ಎಲ್ಲವೂ ಕೇಳಬೇಕಾದವೇ. ಆದರೆ ಎಲ್ಲವೂ ಸೂಜಿಗೆ ಸಂಬಂಧಿಸಿದವು. ಚಿಕಿತ್ಸೆ ಮುಗಿಸಿ ಎಷ್ಟು ಹೊತ್ತಿಗೆ ಹೊರಗೆ ಬರುತ್ತೇನೆ, ಮನೆಗೆ ಸ್ಕೂಟರಿನಲ್ಲಿ ಹೋಗಬೇಕೋ ಆಟೊದಲ್ಲೋ, ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿರುತ್ತೇನೆ, ಮುಂದಿನ ವಾರ ಊರಿನ ತೇರಿದೆಯೇ ಎಂದು ಯೋಚಿಸುವವರು ಕಡಿಮೆ. ಅದನ್ನು ಕೂತು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಕ್ಲಿನಿಕ್ಕುಗಳಿಗೂ ಸಿಗುವುದು ಅಪರೂಪ. ನಮ್ಮ ಕಂದು ಚರ್ಮಕ್ಕೆ, ನಮ್ಮ ಈ ಬಿಸಿಲಿಗೆ, ಈ ಎರಡನೆಯ ಗುಂಪಿನ ಪ್ರಶ್ನೆಗಳೇ ದೊಡ್ಡವು ಎಂಬುದು ನನ್ನ ವಾದ. ಸೂಜಿಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದರ ಫಲ ಕೈಗೆ ಬರುತ್ತದೋ ಇಲ್ಲವೋ ಎಂಬುದು ಆಮೇಲಿನ ವಾರಗಳ ನೆರಳಿನಲ್ಲಿ ತೀರ್ಮಾನವಾಗುತ್ತದೆ. ಆ ನೆರಳು ಬಾಟಲಿಯೊಳಗೆ ಸಿಗುವಂಥದ್ದಷ್ಟೇ ಅಲ್ಲ, ಮೊದಲ ದಿನವಂತೂ ಬಾಟಲಿಯೊಳಗೆ ಸಿಗುವಂಥದ್ದೇ ಅಲ್ಲ.

ಮೊದಲು ಸೂಜಿ ಏನು ಮಾಡುತ್ತದೆಂದು ಹತ್ತಿರದಿಂದ ನೋಡೋಣ. ಈ ಚಿಕಿತ್ಸೆಗೆ ಬಳಸುವ ಡರ್ಮಾರೋಲರ್ ಎಂದರೆ ಹಿಡಿಕೆಯ ತುದಿಗೆ ಕೂರಿಸಿದ ಒಂದು ಪುಟ್ಟ ಉರುಳೆ. ಅದರ ಮೈತುಂಬ ಸಾಲುಸಾಲಾಗಿ 192 ಸೂಜಿಗಳು. ಒಂದೊಂದರ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಗುಳಿಗಳಿಗೆ ಬಳಸುವಾಗ ಉದ್ದ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್. ಮರಗಟ್ಟಿಸುವ ಮುಲಾಮು ಹಚ್ಚಿ, ಅದು ಹಿಡಿಯುವವರೆಗೆ ಕಾದು, ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಉರುಳಿಸುತ್ತಾರೆ. ಹದಿನೈದು ಸಲ ಉರುಳಿಸಿದರೆ ಒಂದು ಚದರ ಸೆಂಟಿಮೀಟರಿನಲ್ಲಿ, ಅಂದರೆ ಹೆಚ್ಚುಕಡಿಮೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಸುಮಾರು 250 ರಂಧ್ರಗಳಾಗುತ್ತವೆ ಎಂದು ಬೆಂಗಳೂರಿನ ಚರ್ಮವೈದ್ಯ ಸತೀಶ್ ದೊಡ್ಡಬಳ್ಳಾಪುರ ಅವರು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದ್ದರು. ಮುಖದ ಮೇಲುಚರ್ಮದ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಇರುವುದಿಲ್ಲ. ಆದ್ದರಿಂದ ಸೂಜಿ ಅದನ್ನು ದಾಟಿ ಒಳಚರ್ಮದವರೆಗೆ ಇಳಿಯುತ್ತದೆ, ಸಣ್ಣ ಸಣ್ಣ ರಕ್ತದ ಹನಿಗಳು ಮೂಡುತ್ತವೆ. ಚಿಕಿತ್ಸೆಯ ಉದ್ದೇಶವೇ ಅದು. ಗಾಯವಾಯಿತೆಂದು ದೇಹಕ್ಕೆ ಸುದ್ದಿ ಹೋಗಬೇಕು, ರಕ್ತದ ಕಿರುಬಿಲ್ಲೆಗಳು (ಪ್ಲೇಟ್ಲೆಟ್) ಬಂದು ಬೆಳವಣಿಗೆಯ ಸಂದೇಶಗಳನ್ನು ಬಿಡಬೇಕು, ದುರಸ್ತಿಯ ಕೋಶಗಳು ಹೊಸ ಕೊಲಾಜೆನ್ ನೇಯಬೇಕು. ಆ ನೇಯ್ಗೆ ಒಂದೆರಡು ದಿನದ್ದಲ್ಲ. ಮೊದಲು ಸಡಿಲವಾದ ಎಳೆಗಳು ಬರುತ್ತವೆ, ತಿಂಗಳುಗಳು ಕಳೆದಂತೆ ಅವುಗಳ ಜಾಗದಲ್ಲಿ ಗಟ್ಟಿ ಎಳೆಗಳು ಕೂರುತ್ತವೆ, ಗುಳಿಯ ತಳ ನಿಧಾನಕ್ಕೆ ಮೇಲೇರುತ್ತದೆ.

ಈ ವಿದ್ಯೆ ಹುಟ್ಟಿದ ಬಗೆಯೂ ಇಲ್ಲಿ ನೆನೆಯತಕ್ಕದ್ದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಕಮಿರಾಂಡ್ ಎಂಬ ಪ್ಲಾಸ್ಟಿಕ್ ಸರ್ಜನ್ ಮತ್ತು ಅವರ ಸಹೋದ್ಯೋಗಿ ಡೂಸೆ, ಬಿಳಿಚಿಕೊಂಡ ಶಸ್ತ್ರಚಿಕಿತ್ಸೆಯ ಗಾಯದ ಗುರುತುಗಳನ್ನು ಮರೆಮಾಚಲು ಚರ್ಮದ ಬಣ್ಣದ ಹಚ್ಚೆ ಹಾಕುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಶಾಯಿ ಮಾಸಿತು, ಆದರೆ ಗಾಯದ ಗುರುತು ಮೆತ್ತಗಾಗಿತ್ತು, ಅದಕ್ಕೆ ಸ್ವಂತ ಬಣ್ಣವೂ ಮರಳಿತ್ತು. ಹಾಗಾದರೆ ಕೆಲಸ ಮಾಡಿದ್ದು ಶಾಯಿಯಲ್ಲ, ಚುಚ್ಚುವಿಕೆ ಎಂದು ತಿಳಿದು ಶಾಯಿಯಿಲ್ಲದೆಯೇ ಹಚ್ಚೆಯಂತ್ರ ಓಡಿಸಿದರು, 1997ರಲ್ಲಿ ಅದನ್ನು ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಡೆಸ್ಮಂಡ್ ಫರ್ನಾಂಡಿಸ್ ಅದನ್ನು ಉರುಳೆಯ ರೂಪಕ್ಕೆ ತಂದರು. ನಮ್ಮ ದೇಶದಲ್ಲಿ ಶ್ರೀನಗರದ ಇಮ್ರಾನ್ ಮಜೀದ್ 2009ರಲ್ಲಿ 37 ಮಂದಿಯ ಮೇಲೆ ಇದನ್ನು ಬಳಸಿ ಬಹುಪಾಲು ಜನರ ಗುಳಿಗಳು ಕಡಿಮೆಯಾದದ್ದನ್ನು ದಾಖಲಿಸಿದರು. ಅಂದರೆ ಚಿಕಿತ್ಸೆ ಪೊಳ್ಳಲ್ಲ. ನನ್ನ ತಕರಾರು ಚಿಕಿತ್ಸೆಯ ಮೇಲಲ್ಲ. ಮಾಂಟ್ರಿಯಲ್‌ನ ಬಿಸಿಲಿನಲ್ಲಿ ಹುಟ್ಟಿದ ವಿದ್ಯೆಯನ್ನು ಬಳ್ಳಾರಿಯ ಬಿಸಿಲಿಗೆ ತಂದಾಗ ಏನನ್ನು ಸೇರಿಸಬೇಕೋ ಅದನ್ನು ನಾವು ಸೇರಿಸುತ್ತಿಲ್ಲ ಎಂಬುದಷ್ಟೇ ತಕರಾರು.

ಬಿಸಿಲು ಇಲ್ಲಿ ಎರಡು ಕಡೆಯಿಂದ ಕೆಡಿಸುತ್ತದೆ. ಒಂದು, ಅದು ಕೊಲಾಜೆನ್ನನ್ನೇ ಕತ್ತರಿಸುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಫಿಶರ್, ಜಾನ್ ವೂರ್ಹೀಸ್ ಮತ್ತು ಸಂಗಡಿಗರು 1996 ಮತ್ತು 1997ರಲ್ಲಿ ತೋರಿಸಿದ್ದು ಇದನ್ನು: ನೇರಳಾತೀತ ಕಿರಣ ತಾಗಿದಾಗ ಚರ್ಮದ ಕೋಶಗಳು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಚರ್ಮ ಕೆಂಪಾಗುವಷ್ಟೂ ಇಲ್ಲದ ಸಣ್ಣ ಪ್ರಮಾಣ ಸಾಕು. ಒಳಗೆ ದುಡ್ಡು ಕೊಟ್ಟು ನೇಯಿಸುತ್ತಿರುವ ಬಟ್ಟೆಗೆ ಹೊರಗಿನಿಂದ ಕತ್ತರಿ ಹಾಕಿದಂತೆ. ಆ ಪ್ರಯೋಗಗಳು ನಡೆದದ್ದು ಬಿಳಿ ಚರ್ಮದವರ ಮೇಲೆ, ನಮ್ಮಲ್ಲಿ ಮೆಲನಿನ್ ಈ ಹಾನಿಯನ್ನು ಒಂದಷ್ಟು ತಡೆಯುತ್ತದೆ ಎಂಬುದನ್ನೂ ಹೇಳಬೇಕು. ಆದರೆ ಅದೇ ಮೆಲನಿನ್ನಿನಿಂದ ಎರಡನೆಯ ತೊಂದರೆ ಹುಟ್ಟುತ್ತದೆ, ಮತ್ತು ನಮಗೆ ಅದೇ ದೊಡ್ಡದು. ಮೇಲುಚರ್ಮದ ತಳದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಉರಿಯೂತದ ಸಂದೇಶ ಸಿಕ್ಕೊಡನೆ ಅವು ಬಣ್ಣ ಹೆಚ್ಚಿಸುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಈ ಕೋಶಗಳ ಸಂಖ್ಯೆ ಹೆಚ್ಚಿಲ್ಲ, ಎಚ್ಚರ ಹೆಚ್ಚು. ಸೊಳ್ಳೆ ಕಚ್ಚಿದ ಜಾಗ, ಸಿಡಿದ ಎಣ್ಣೆಯ ಚುಕ್ಕೆ, ಚಿವುಟಿದ ಮೊಡವೆ ನಮ್ಮಲ್ಲಿ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದು ಅದಕ್ಕೇ. ಮುಖದ ತುಂಬ ಸಾವಿರಾರು ಚುಚ್ಚುಗಾಯ ಮಾಡಿ, ಉರಿಯೂತ ಎದ್ದಿರುವಾಗಲೇ ಬಿಸಿಲಿಗೆ ಒಡ್ಡಿದರೆ ಆ ಕೋಶಗಳಿಗೆ ಒಂದೇ ಸಮಯಕ್ಕೆ ಎರಡು ಕಡೆಯಿಂದ ಕರೆ ಬಂದಂತಾಗುತ್ತದೆ. ಮೇಲ್ಪದರದಲ್ಲಿ ನಿಂತ ಕಂದು ಕಲೆ ಕೆಲವು ತಿಂಗಳಿಗೆ ಮಾಸೀತು. ತಳದ ಪದರ ಒಡೆದು ಬಣ್ಣ ಒಳಚರ್ಮಕ್ಕೆ ಜಾರಿದರೆ ಅದು ನೀಲಿಗಪ್ಪಾಗಿ ವರ್ಷಗಳ ಕಾಲ ಕೂರುತ್ತದೆ. ಗುಳಿ ಹೋಗಿಸಲು ಹೋಗಿ ಕಲೆ ತಂದುಕೊಂಡಂತೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ತಿಳಿದವರಿಂದಲೇ ಬರುತ್ತದೆ. ಮೈಕ್ರೋನೀಡ್ಲಿಂಗ್‌ನ ಹೆಚ್ಚುಗಾರಿಕೆಯೇ ಅದು ಕಂದು ಚರ್ಮಕ್ಕೆ ಸುರಕ್ಷಿತ ಎಂಬುದಲ್ಲವೇ? ಲೇಸರ್‌ನಲ್ಲಿರುವಂತೆ ಇಲ್ಲಿ ಶಾಖವಿಲ್ಲ, ಮೇಲುಚರ್ಮವನ್ನು ಸುಟ್ಟು ತೆಗೆಯುವುದಿಲ್ಲ, ರಂಧ್ರಗಳ ನಡುವೆ ಚರ್ಮ ಅಖಂಡವಾಗಿಯೇ ಉಳಿಯುತ್ತದೆ. ಮಾತು ನಿಜ. ಸುಡುವ ಲೇಸರಿಗೆ ಹೋಲಿಸಿದರೆ ಅಪಾಯ ಕಡಿಮೆ. ಆದರೆ ಕಡಿಮೆ ಎಂಬುದು ಜಾಹೀರಾತಿನ ಹಾಳೆಗೆ ಬರುವಷ್ಟರಲ್ಲಿ ಇಲ್ಲವೇ ಇಲ್ಲ ಎಂದಾಗಿಬಿಡುತ್ತದೆ. ಚಂಡೀಗಡದ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದವರು 30 ಮಂದಿ. ಗುಳಿಗಳಲ್ಲಿ ಒಳ್ಳೆಯ ಸುಧಾರಣೆ ಕಂಡಿತು. ಜೊತೆಗೆ ಐವರಲ್ಲಿ ಕಪ್ಪುಕಲೆ ಮೂಡಿತು, ಇಬ್ಬರಲ್ಲಿ ಉರುಳೆ ಓಡಿದ ಜಾಡೇ ಹಳಿಯಂತೆ ಗಾಯದ ಗುರುತಾಗಿ ಉಳಿಯಿತು. ಅನುಭವಿಗಳ ಕೈಯಲ್ಲಿ, ಆಸ್ಪತ್ರೆಯೊಳಗೆ, ಲೆಕ್ಕವಿಟ್ಟು ನಡೆಸಿದ ಚಿಕಿತ್ಸೆಯ ಮಾತಿದು. ಆ ಐವರ ಕಲೆಗೆ ಬಿಸಿಲೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಚರ್ಮ ಕಪ್ಪಾಗಲು ಸೂಜಿಯ ಗಾಯವೊಂದೇ ಸಾಕು. ಆದರೆ ಮನೆಗೆ ಹೋದ ಮೇಲೆ ಸೂಜಿಯ ಗಾಯವನ್ನು ಹಿಂದಕ್ಕೆ ಪಡೆಯಲಾಗದು, ಬಿಸಿಲನ್ನು ತಪ್ಪಿಸಬಹುದು. ರೋಗಿಯ ಕೈಯಲ್ಲಿರುವುದು ಅದೊಂದೇ.

ಎರಡನೆಯ ಆಕ್ಷೇಪ ಇನ್ನೂ ವ್ಯಾಪಕ: ನಮ್ಮ ಚರ್ಮಕ್ಕೆ ಹುಟ್ಟಿನಿಂದಲೇ ಕೊಡೆಯಿದೆ, ಸನ್‌ಸ್ಕ್ರೀನ್ ಎಲ್ಲ ಬಿಳಿಯರಿಗೆ. ಇದರಲ್ಲೂ ಅರ್ಧ ಸತ್ಯವಿದೆ. 1979ರಲ್ಲಿ ಅಮೆರಿಕದಲ್ಲಿ ನಡೆದ ಅಳತೆಯಲ್ಲಿ ಕಪ್ಪು ಜನರ ಮೇಲುಚರ್ಮಕ್ಕೆ ಯುವಿಬಿ ಎಂಬ ನೇರಳಾತೀತ ಕಿರಣದ ಎದುರು ಸರಾಸರಿ 13.4ರಷ್ಟು ರಕ್ಷಣಾಂಕ, ಬಿಳಿಯರದಕ್ಕೆ 3.4ರಷ್ಟು ಕಂಡುಬಂತು. ನಾವು ನಡುವಿನಲ್ಲೆಲ್ಲೋ ಇದ್ದೇವೆ. ಬಿಸಿಲಿಗೆ ಸುಟ್ಟು ಬೊಬ್ಬೆ ಏಳುವುದು ನಮ್ಮಲ್ಲಿ ಕಡಿಮೆ, ಚರ್ಮದ ಕ್ಯಾನ್ಸರೂ ಕಡಿಮೆ. ಆದರೆ ನಮ್ಮ ಪ್ರಶ್ನೆ ಸುಡುವುದರದ್ದಲ್ಲ, ಕಪ್ಪಾಗುವುದರದ್ದು. ಈ ಎರಡರ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದು ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ 2010ರ ಪ್ರಯೋಗ. ಅಲ್ಲಿನ ವೈದ್ಯರು ನೇರಳಾತೀತ ಕಿರಣವನ್ನು ಬದಿಗಿಟ್ಟು, ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಚರ್ಮದ ಮೇಲೆ ಬಿಟ್ಟರು. ಬಿಳಿ ಚರ್ಮದವರಿಗೆ ಏನೂ ಆಗಲಿಲ್ಲ. ಕಂದು ಮತ್ತು ಕಪ್ಪು ಚರ್ಮದವರಲ್ಲಿ ಆ ಜಾಗ ಕಪ್ಪಾಯಿತು. ಯುವಿಎ ಎಂಬ ಇನ್ನೊಂದು ನೇರಳಾತೀತ ಕಿರಣದಿಂದ ಆಗುವುದಕ್ಕಿಂತ ಗಾಢವಾಗಿ, ಹೆಚ್ಚು ದಿನ ಉಳಿಯುವಂತೆ ಕಪ್ಪಾಯಿತು. ಬಣ್ಣವಿಲ್ಲದವರಿಗೆ ಬಾಧಿಸದ ಬೆಳಕು ಬಣ್ಣವಿರುವವರನ್ನೇ ಬಾಧಿಸುತ್ತದೆ. ನಾಲ್ಕು ವರ್ಷದ ನಂತರ ಫ್ರಾನ್ಸಿನ ಸಂಶೋಧಕರು ಆ ಬೆಳಕಿನೊಳಗೂ ನೀಲಿ–ನೇರಳೆ ಭಾಗವೇ ಹೀಗೆ ಮಾಡುವುದು, ಕೆಂಪು ಭಾಗವಲ್ಲ ಎಂದು ಬೇರ್ಪಡಿಸಿ ತೋರಿಸಿದರು. ಹುಟ್ಟಿನಿಂದ ಬಂದ ಕೊಡೆ ಸುಡುವುದನ್ನು ತಡೆಯುತ್ತದೆ ಎಂಬುದು ಸರಿ. ಕಲೆಯನ್ನು ತಡೆಯುವುದು ಅದರ ಕೆಲಸವಲ್ಲ, ಏಕೆಂದರೆ ಕಲೆ ಎಂಬುದು ಆ ಕೊಡೆಯೇ ಬಿಚ್ಚಿಕೊಂಡ ಗುರುತು.

ಈ ಒಂದು ಸಂಗತಿಯನ್ನು ಒಪ್ಪಿಕೊಂಡರೆ ಅಂಗಡಿಯಲ್ಲಿ ನಾವು ಆರಿಸುವ ಸನ್‌ಸ್ಕ್ರೀನೇ ಬದಲಾಗಬೇಕು. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ಹೇಳುವುದು ಚರ್ಮ ಕೆಂಪಾಗುವುದನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಅಂದರೆ ಬಹುಮಟ್ಟಿಗೆ ಯುವಿಬಿಯ ಲೆಕ್ಕವನ್ನು. ಪಿಎ ಎಂದು ಬರೆದು ಪಕ್ಕದಲ್ಲಿ ಹಾಕುವ ಕೂಡು ಚಿಹ್ನೆಗಳು ಯುವಿಎಯ ಲೆಕ್ಕ. ಕಾಣುವ ಬೆಳಕಿಗೆ ಡಬ್ಬಿಯ ಮೇಲೆ ಅಂಕಿಯೇ ಇಲ್ಲ. ಹಚ್ಚಿದರೆ ಮಾಯವಾಗುವ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ತಡೆಯುವುದಿಲ್ಲ ಎಂಬುದು ಅದು ಮಾಯವಾಗುವುದರಿಂದಲೇ ಗೊತ್ತಾಗಬೇಕು: ಬೆಳಕನ್ನು ತಡೆದಿದ್ದರೆ ಅದು ಕಣ್ಣಿಗೆ ಕಾಣುತ್ತಿತ್ತು. ತಡೆಯುವುದು ಬಣ್ಣವಿರುವ ಸನ್‌ಸ್ಕ್ರೀನ್, ಅಂಗಡಿಯವರು ಟಿಂಟೆಡ್ ಎನ್ನುವಂಥದ್ದು. ಅದರ ಬಣ್ಣ ಕಬ್ಬಿಣದ ಆಕ್ಸೈಡಿನದು. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಡುವುದೂ, ಕ್ಯಾಲಮೈನ್ ಲೋಷನ್ನಿಗೆ ಆ ತಿಳಿಗುಲಾಬಿ ಕೊಡುವುದೂ ಅದೇ. ಮೆಕ್ಸಿಕೊದ ವೈದ್ಯರು ಬಂಗು ಇರುವವರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಒಂದೇ ಕಲೆನಿವಾರಕ ಕೊಟ್ಟು, ಒಂದು ಗುಂಪಿಗೆ ಬರೀ ನೇರಳಾತೀತ ತಡೆಯುವ ಸನ್‌ಸ್ಕ್ರೀನನ್ನೂ ಇನ್ನೊಂದಕ್ಕೆ ಕಬ್ಬಿಣದ ಆಕ್ಸೈಡ್ ಸೇರಿದ್ದನ್ನೂ ಕೊಟ್ಟು ಎಂಟು ವಾರ ನೋಡಿದರು. 2014ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಎರಡನೆಯ ಗುಂಪಿನ ಕಲೆ ಹೆಚ್ಚು ತಿಳಿಯಾಗಿತ್ತು. ಬಂಗು ಬೇರೆ, ಸೂಜಿಯ ನಂತರದ ಕಲೆ ಬೇರೆ, ಒಪ್ಪುತ್ತೇನೆ. ಆದರೆ ಕೆರಳಿದ ಬಣ್ಣದ ಕೋಶಕ್ಕೆ ಬೆಳಕು ಮಾಡುವ ಕೆಡುಕು ಎರಡರಲ್ಲೂ ಒಂದೇ ದಾರಿಯದು. ಟಿಂಟೆಡ್ ಸನ್‌ಸ್ಕ್ರೀನನ್ನು ಮೇಕಪ್ಪೆಂದು ತಿಳಿದು ಗಂಡಸರು ಹಿಂಜರಿಯುವುದುಂಟು. ಮೈಬಣ್ಣಕ್ಕೆ ಹೊಂದುವುದನ್ನು ಆರಿಸಿದರೆ ಹಚ್ಚಿರುವುದು ಗೊತ್ತೂ ಆಗುವುದಿಲ್ಲ, ಬಿಳಿಯ ಬೂದಿ ಬಳಿದಂತೆ ಕಾಣುವ ಸತುವಿನ ಸನ್‌ಸ್ಕ್ರೀನಿಗಿಂತ ಅದೇ ಸಹಜವಾಗಿರುತ್ತದೆ.

ಹಾಗಾದರೆ ಕ್ಲಿನಿಕ್ಕಿನಿಂದ ಹೊರಡುವಾಗಲೇ ಅದನ್ನು ಬಳಿದುಕೊಂಡು ಹೊರಡಬೇಕೇ? ಬೇಡ. ಮೊದಲ ದಿನದ ನೆರಳು ಬಾಟಲಿಯದ್ದಲ್ಲ ಎಂದದ್ದು ಇದಕ್ಕೇ. ಸೂಜಿ ಮಾಡಿದ ರಂಧ್ರಗಳ ಮೇಲೆ ಏನೂ ಹೊದಿಸದಿದ್ದರೆ ಚರ್ಮದ ತಡೆಗೋಡೆ ಕೆಲವೇ ಗಂಟೆಗಳಲ್ಲಿ ಬಹುಪಾಲು ಮುಚ್ಚಿಕೊಳ್ಳುತ್ತದೆ. ಗಾಳಿಯಾಡದ ಹೊದಿಕೆ ಹಾಕಿದರೆ ಅದೇ ಕೆಲಸಕ್ಕೆ ಒಂದೂವರೆ ದಿನದವರೆಗೂ ಹಿಡಿಯಬಹುದು ಎಂದು 2011ರ ಅಮೆರಿಕದ ಪ್ರಯೋಗವೊಂದು ಅಳೆದು ತೋರಿಸಿದೆ. ಆ ಬಾಗಿಲು ತೆರೆದಿರುವ ಹೊತ್ತಿನಲ್ಲಿ ಮೇಲೆ ಹಚ್ಚಿದ್ದೆಲ್ಲ ಒಳಕ್ಕೆ ಇಳಿಯುತ್ತದೆ. ಸೀರಮ್ ಮಾರುವವರು ಇದನ್ನೇ ಲಾಭವೆಂದು ಹೇಳುತ್ತಾರೆ. ಅದರ ಇನ್ನೊಂದು ಮುಖವನ್ನು 2014ರಲ್ಲಿ ಅಮೆರಿಕದ ಚರ್ಮವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಮೂವರು ಮಹಿಳೆಯರ ಪ್ರಕರಣಗಳು ತೋರಿಸಿದವು. ಮೈಕ್ರೋನೀಡ್ಲಿಂಗ್ ವೇಳೆ ಮುಖಕ್ಕೆ ಹಚ್ಚುವ ಉತ್ಪನ್ನಗಳನ್ನು ಬಳಸಿದ್ದರಿಂದ, ಅವುಗಳಲ್ಲಿ ವಿಟಮಿನ್ ಸಿ ಸೀರಮ್ಮೂ ಇತ್ತು, ಅವರ ಚರ್ಮದೊಳಗೆ ಅಲರ್ಜಿಯ ಗಂಟುಗಳು ಕಟ್ಟಿಕೊಂಡಿದ್ದವು. ಚರ್ಮದ ಮೇಲೆ ಹಚ್ಚಲು ತಯಾರಿಸಿದ್ದನ್ನು ಚರ್ಮದೊಳಗೆ ಇಳಿಸಿದರೆ ದೇಹ ಅದನ್ನು ಪರಕೀಯವೆಂದು ಸುತ್ತುವರಿಯುತ್ತದೆ. ಸನ್‌ಸ್ಕ್ರೀನೂ ಚರ್ಮದ ಮೇಲೆ ಹಚ್ಚಲೆಂದೇ ತಯಾರಾದದ್ದು. ಅದರಲ್ಲಿ ಸುಗಂಧ, ಸಂರಕ್ಷಕ, ರಾಸಾಯನಿಕ ಶೋಧಕ ಎಲ್ಲ ಇರುತ್ತವೆ.

ಸನ್‌ಸ್ಕ್ರೀನಿನ ರಾಸಾಯನಿಕ ರಕ್ತಕ್ಕೆ ಸೇರುತ್ತದಂತೆ, ಅದಕ್ಕೇ ನಾವು ಹಚ್ಚುವುದಿಲ್ಲ ಎನ್ನುವವರ ಭಯಕ್ಕೂ ಇಲ್ಲೇ ಉತ್ತರವಿದೆ. ಆ ಭಯ ಗಾಳಿಮಾತಿನಿಂದ ಬಂದದ್ದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಂಶೋಧಕರೇ 2019ರಲ್ಲಿ, ಮತ್ತೆ 2020ರಲ್ಲಿ, ಅವೊಬೆನ್‌ಜೋನ್, ಆಕ್ಸಿಬೆನ್‌ಜೋನ್ ಮುಂತಾದ ಶೋಧಕಗಳು ಅಖಂಡ ಚರ್ಮದಿಂದಲೂ ರಕ್ತಕ್ಕೆ ಸೇರುವುದನ್ನು ಅಳೆದು ತೋರಿಸಿದರು. ರಕ್ತಕ್ಕೆ ಸೇರಿತು ಎಂದರೆ ಹಾನಿ ಮಾಡಿತು ಎಂದಲ್ಲ, ಹಚ್ಚುವುದನ್ನು ನಿಲ್ಲಿಸಬೇಡಿ ಎಂದೂ ಅವರೇ ಹೇಳಿದರು. ಸತುವಿನ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎಂಬ ಎರಡು ಖನಿಜಗಳನ್ನು ಸುರಕ್ಷಿತ ಪಟ್ಟಿಗೆ ಸೇರಿಸುವ ಪ್ರಸ್ತಾಪವನ್ನೂ 2019ರಲ್ಲೇ ಆ ಸಂಸ್ಥೆ ಮುಂದಿಟ್ಟಿತು. ಆದ್ದರಿಂದ ಸೂಜಿಯ ನಂತರದ ವಾರಗಳಿಗೆ ಖನಿಜದ್ದೇ ಇರಲಿ, ಸುವಾಸನೆ ಇಲ್ಲದ್ದಿರಲಿ, ಕಬ್ಬಿಣದ ಬಣ್ಣ ಸೇರಿದ್ದಿರಲಿ. ಹಚ್ಚಲು ತೊಡಗುವುದು ಮರುದಿನದಿಂದ. ತಡವೂ ಮಾಡಬಾರದು: ಥಾಯ್ಲೆಂಡಿನ ವೈದ್ಯರು ಲೇಸರ್ ಮಾಡಿಸಿಕೊಂಡವರ ಮುಖದ ಅರ್ಧಕ್ಕೆ ಚಿಕಿತ್ಸೆಯ ನಂತರದ ಮೊದಲ ದಿನದಿಂದಲೇ ಸನ್‌ಸ್ಕ್ರೀನನ್ನೂ ಇನ್ನರ್ಧಕ್ಕೆ ಬರೀ ವ್ಯಾಸಲೀನನ್ನೂ ಹಚ್ಚಿ ನೋಡಿದಾಗ, ವಾರದ ಕೊನೆಗೆ ಸನ್‌ಸ್ಕ್ರೀನ್ ಹಚ್ಚಿದ ಅರ್ಧವೇ ಕಡಿಮೆ ಕಪ್ಪಾಗಿತ್ತು. ಮೊದಲ ಇಪ್ಪತ್ತನಾಲ್ಕು ಗಂಟೆ ಮಾತ್ರ ಛಾವಣಿ, ಪರದೆ, ಕೊಡೆ. ಸಂಜೆ ಐದರ ಮೇಲೆ ಸಿಟಿಂಗ್ ಇಟ್ಟುಕೊಂಡರೆ ಇಡೀ ರಾತ್ರಿಯ ಕತ್ತಲು ಪುಕ್ಕಟೆ ಸಿಗುತ್ತದೆ. ಬೆಳಗ್ಗೆ ಹನ್ನೊಂದರ ಅಪಾಯಿಂಟ್‌ಮೆಂಟ್ ಸಂಜೆಗೆ ಬದಲಿಸಿ ಎಂದು ಕೇಳುವುದಕ್ಕಿಂತ ಅಗ್ಗದ ಆರೈಕೆ ಇನ್ನೊಂದಿಲ್ಲ.

ಉಳಿದ ಆರೈಕೆ ಎಂದರೆ ಹೆಚ್ಚಾಗಿ ಏನನ್ನೂ ಮಾಡದಿರುವುದು. ಮುಖ ತೊಳೆಯಲು ತಣ್ಣನೆಯ ಶುದ್ಧ ನೀರು, ಉಜ್ಜದೆ ಒತ್ತಿಕೊಳ್ಳಲು ಒಗೆದ ಹತ್ತಿಬಟ್ಟೆ, ವೈದ್ಯರು ಕೊಟ್ಟ ಸಾದಾ ತೇವದ ಮುಲಾಮು. ರೆಟಿನಾಲ್, ಗ್ಲೈಕಾಲಿಕ್ ಆಮ್ಲ, ಸ್ಕ್ರಬ್ ಇವೆಲ್ಲ ಒಂದು ವಾರ ಕಪಾಟಿನಲ್ಲಿರಲಿ. ಎರಡು ಮೂರು ದಿನ ಜಿಮ್ಮು, ಈಜುಕೊಳ, ಹಬೆ ಬೇಡ, ದೋಸೆಕಾವಲಿಯ ಝಳಕ್ಕೆ ಮುಖ ಒಡ್ಡುವುದೂ ಬೇಡ. ನಮ್ಮ ಅಡುಗೆಮನೆಯ ಔಷಧಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಪ್ರೀತಿಯಿಂದ ಹಚ್ಚುವವರಿಗೆ ಬೇಡ ಎನ್ನುವುದು ಕಷ್ಟ. ಕಲೆಗೆ ನಿಂಬೆರಸ ಎಂಬ ಸಲಹೆ ಮನೆಮನೆಯಲ್ಲಿದೆ. ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ವಸ್ತುಗಳು ಬಿಸಿಲಿನ ಯುವಿಎ ತಾಗಿದಾಗ ಚರ್ಮವನ್ನು ಸುಡುತ್ತವೆ. ಆರೋಗ್ಯವಂತ ಚರ್ಮದ ಮೇಲೂ ರಸ ಹರಿದ ದಾರಿಯಲ್ಲಿ ಗೆರೆಗೆರೆಯಾಗಿ ಕಪ್ಪು ಕಲೆ ಮೂಡುವುದನ್ನು ವೈದ್ಯಪುಸ್ತಕಗಳು ವರ್ಣಿಸುತ್ತವೆ. ಚುಚ್ಚಿದ ಚರ್ಮದ ಮಾತು ಹೇಳಬೇಕಿಲ್ಲ. ಅರಿಶಿನ ಗಾಯಕ್ಕೆ ಒಳ್ಳೆಯದೆಂಬ ನಂಬಿಕೆ ಹಳೆಯದು. ಆದರೆ ಡಬ್ಬಿಯ ಅರಿಶಿನಪುಡಿ ಕ್ರಿಮಿರಹಿತವಲ್ಲ, ತೆರೆದ ರಂಧ್ರದೊಳಗೆ ಹೋಗಲು ತಯಾರಿಸಿದ್ದೂ ಅಲ್ಲ. ಹಣೆಗೂ ಚಿಕಿತ್ಸೆಯಾಗಿದ್ದರೆ ಬಣ್ಣ ಬೆರೆಸಿದ ಕುಂಕುಮವನ್ನೂ ಅಂಟಿನ ಬಿಂದಿಯನ್ನೂ ಒಂದು ವಾರ ಬಿಡುವುದು ಲೇಸು. ಕುಂಕುಮದ ಕೃತಕ ಬಣ್ಣಗಳಿಂದ ಅಲರ್ಜಿಯಾಗಿ ಹಣೆ ಕಪ್ಪಾಗುವುದು ನಮ್ಮ ಚರ್ಮವೈದ್ಯರಿಗೆ ಪರಿಚಿತ ಕಾಯಿಲೆ. ಇವೆಲ್ಲಕ್ಕಿಂತ ಅಪಾಯದ್ದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಬಿಳುಪಿನ ಮುಲಾಮು. ಮೊದಲ ವಾರ ಕೆಂಪು ಇಳಿದು ಮುಖ ತಿಳಿಯಾದಂತೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಮೊಡವೆ ಮರಳುತ್ತದೆ. ಅಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿದೆ.

ಇನ್ನು ನಮ್ಮ ಬಿಸಿಲಿನ ಲೆಕ್ಕ. ನೇರಳಾತೀತ ಕಿರಣದ ಬಿರುಸನ್ನು ಅಳೆಯಲು ಮನೆಯಲ್ಲಿ ಉಪಕರಣ ಬೇಕಿಲ್ಲ, ನೆರಳೇ ಅಳತೆಗೋಲು. ನಿಮ್ಮ ನೆರಳು ನಿಮಗಿಂತ ಗಿಡ್ಡಗಿದ್ದರೆ ಬಿಸಿಲು ಬಿರುಸಾಗಿದೆ ಎಂದೇ ಅರ್ಥ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ನಿಂತು ನೆರಳು ಕಾಲಡಿಗೆ ಸೇರಿಹೋಗುತ್ತದೆ. ಬೀದರಿನಲ್ಲಿ ಅದು ಮೇ ಎರಡನೆಯ ವಾರ. ಚಳಿಗಾಲಕ್ಕೆ ಬಿಸಿಲು ಸೌಮ್ಯ ಎಂದುಕೊಳ್ಳುತ್ತೇವೆ. ಆದರೆ ವರ್ಷದಲ್ಲೇ ಸೂರ್ಯ ಅತಿ ಕೆಳಗಿರುವ ಡಿಸೆಂಬರ್ 21ರ ನಡುಹಗಲಲ್ಲೂ ಬೆಂಗಳೂರಿನಲ್ಲಿ ಆರಡಿ ಎತ್ತರದವರ ನೆರಳು ನಾಲ್ಕೂವರೆ ಅಡಿ ದಾಟುವುದಿಲ್ಲ. ಅಂದರೆ ವರ್ಷದ ಯಾವ ದಿನವೂ ನಡುಹಗಲು ನಮಗೆ ಸುರಕ್ಷಿತವಲ್ಲ. ತೆಳುಮೋಡ ನಂಬತಕ್ಕದ್ದಲ್ಲ. ಕಾರಿನ ಗಾಜೂ ನಂಬತಕ್ಕದ್ದಲ್ಲ: ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಯುವಿಎಯನ್ನು ಬಹುತೇಕ ತಡೆಯುತ್ತದೆ, ಪಕ್ಕದ ಕಿಟಕಿಯ ಸಾದಾ ಗಾಜು ಬಹಳಷ್ಟನ್ನು ಒಳಬಿಡುತ್ತದೆ. ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2012ರಲ್ಲಿ ಬಂದ ಚಿತ್ರವೊಂದು ಇದಕ್ಕೆ ಸಾಕ್ಷಿ. 69 ವರ್ಷದ ಲಾರಿ ಚಾಲಕ, 28 ವರ್ಷ ಸರಕು ಸಾಗಿಸಿದವರು. ಬಲಗೆನ್ನೆ ವಯಸ್ಸಿಗೆ ತಕ್ಕಂತಿದೆ. ಕಿಟಕಿಯ ಕಡೆಯ ಎಡಗೆನ್ನೆ ಜೋತುಬಿದ್ದು, ಉಳುಮೆ ಮಾಡಿದ ನೆಲದಂತೆ ಸುಕ್ಕುಗಟ್ಟಿದೆ. ಒಂದೇ ಮುಖದಲ್ಲಿ ಇಬ್ಬರು ಇದ್ದಂತೆ.

ಸನ್‌ಸ್ಕ್ರೀನಿನ ಪ್ರಮಾಣದಲ್ಲೂ ನಮ್ಮ ಕೈ ಬಿಗಿ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಜನ ಹಚ್ಚುವುದು ಅದರ ಅರ್ಧ ಅಥವಾ ಇನ್ನೂ ಕಡಿಮೆ, ಹಾಗಾಗಿ 50 ಎಂದು ಬರೆದದ್ದು ಮುಖದ ಮೇಲೆ 50 ಆಗಿರುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ಮುಖ ಮತ್ತು ಕತ್ತಿಗೆ ಸರಿಯಾದ ಅಳತೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೆಲ್ಮೆಟ್ಟಿನವರಿಗೆ ಒಂದು ಮಾತು: ಒಳಗಿನ ಮೆತ್ತೆ ಬೆವರು, ಎಣ್ಣೆ ಕುಡಿದು ಕೂತಿರುತ್ತದೆ, ಅದು ಉಜ್ಜುವುದು ಸರಿಯಾಗಿ ಕೆನ್ನೆ ಮತ್ತು ಹಣೆಯ ಅಂಚನ್ನೇ. ಮೊದಲ ಎರಡು ದಿನ ಬೇರೆಯವರ ಕಾರು, ಆಟೊ, ಬಸ್ಸಿನ ನೆರಳಿನ ಬದಿಯ ಸೀಟು ಮೇಲು. ಅನಿವಾರ್ಯವಾದರೆ ಮೆತ್ತೆ ಒಗೆದಿರಲಿ. ಹೆಲ್ಮೆಟ್ ಬಿಟ್ಟು ಓಡಿಸುವುದಂತೂ ಬೇಡ.

ಸೂರ್ಯನಿಂದ ಇಷ್ಟು ಅಡಗಿ ಕೂತರೆ ವಿಟಮಿನ್ ಡಿ ಗತಿಯೇನು ಎಂದು ಕೇಳಬಹುದು. ಅಡಗಬೇಕಾದ್ದು ಮುಖ, ಅದೂ ಕೆಲವು ವಾರ. ತೋಳು, ಕಾಲು, ಬೆನ್ನಿಗೆ ಬಿಸಿಲು ಬೀಳಲು ಯಾರ ಅಡ್ಡಿಯೂ ಇಲ್ಲ, ಮುಖಕ್ಕಿಂತ ಅವುಗಳ ಹರವೇ ದೊಡ್ಡದು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಬಿಸಿಲು ತಪ್ಪಿಸಿ ಎನ್ನುವುದು ಎಸಿ ಕಚೇರಿಯಲ್ಲಿ ಕೂರುವವರಿಗೆ ಸುಲಭ. ಡೆಲಿವರಿ ಹುಡುಗ, ಸಂಚಾರ ಪೊಲೀಸ್, ಹೊಲದಲ್ಲಿ ದುಡಿಯುವವಳು ಏನು ಮಾಡಬೇಕು? ಅವರಿಗೂ ಮೊಡವೆಯ ಗುಳಿಗಳಿವೆ, ಕನ್ನಡಿ ನೋಡುವ ಸಂಕಟವಿದೆ, ಗುಳಿಯಿಲ್ಲದ ಕೆನ್ನೆಯ ಆಸೆ ಸಿರಿವಂತರ ಸೊತ್ತಲ್ಲ. ಇದಕ್ಕೆ ಸುಲಭದ ಉತ್ತರವಿಲ್ಲ, ಆದರೆ ಪ್ರಾಮಾಣಿಕ ಉತ್ತರವಿದೆ. ವೈದ್ಯರು ಸೂಜಿ ಕೈಗೆತ್ತಿಕೊಳ್ಳುವ ಮೊದಲು ಕಸುಬು ಕೇಳಬೇಕು. ಹಗಲೆಲ್ಲ ಹೊರಗಿರುವವರಿಗೆ ರಜೆ ಸಿಗುವ ವಾರ, ಮಳೆಗಾಲ, ರಾತ್ರಿಪಾಳಿಯ ತಿಂಗಳು ನೋಡಿ ದಿನ ಕೊಡಬೇಕು, ಕಡಿಮೆ ಉದ್ದದ ಸೂಜಿಯಿಂದ ತೊಡಗಬೇಕು, ಹೊಂದದಿದ್ದರೆ ಮುಂದೂಡಿ ಎಂದು ಹೇಳುವ ಧೈರ್ಯ ಬೇಕು. ಅಗಲ ಅಂಚಿನ ಟೋಪಿ, ಮುಖ ಸುತ್ತುವ ಒತ್ತುನೇಯ್ಗೆಯ ಹತ್ತಿಯ ಶಾಲು ಅಥವಾ ಸೆರಗು ಸನ್‌ಸ್ಕ್ರೀನಿಗೆ ಬಡವರ ಬದಲಿಯಲ್ಲ. ಅವು ನೇರಳಾತೀತವನ್ನೂ ಕಾಣುವ ಬೆಳಕನ್ನೂ ಒಟ್ಟಿಗೆ ತಡೆಯುತ್ತವೆ, ಎರಡು ಗಂಟೆಗೊಮ್ಮೆ ಅಳಿಸಿಹೋಗುವುದೂ ಇಲ್ಲ. ತೆಂಗಿನ ತೋಟಕ್ಕೆ ಹೋಗುವ ಅಜ್ಜಿ ತಲೆಗೆ ಸುತ್ತಿಕೊಳ್ಳುವ ಬಟ್ಟೆಯನ್ನು ಕ್ಲಿನಿಕ್ಕಿನ ಸೂಚನಾಪತ್ರದಲ್ಲಿ ಬರೆದರೆ ಯಾರ ಘನತೆಗೂ ಕುಂದಿಲ್ಲ. ಆ ಪತ್ರ ಕನ್ನಡದಲ್ಲೂ ಇರಬೇಕು.

ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ರೋಲರ್ ತರಿಸಿ ಮನೆಯಲ್ಲೇ ಉರುಳಿಸಿಕೊಳ್ಳುವವರಿಗೆ ಈ ಮಾತುಗಳೆಲ್ಲ ಇಮ್ಮಡಿ ಅನ್ವಯ. ಸೂಜಿ ಮೊಂಡಾದರೆ ಅದು ಚುಚ್ಚುವುದಿಲ್ಲ, ಹರಿಯುತ್ತದೆ. ಕೀವಿನ ಮೊಡವೆಯ ಮೇಲೆ ಓಡಿಸಿದರೆ ಸೋಂಕು ಮುಖವೆಲ್ಲ ಹರಡುತ್ತದೆ. ಕ್ಲಿನಿಕ್ಕಿನಲ್ಲಿ ಮಾಡಿಸಿಕೊಂಡವರೂ, ಮೂರನೆಯ ದಿನಕ್ಕೆ ಇಳಿಯಬೇಕಾದ ಕೆಂಪು ಏರುತ್ತಿದ್ದರೆ, ಕೀವು, ಗುಳ್ಳೆ, ಗಂಟು ಕಂಡರೆ, ಎರಡನೆಯ ವಾರಕ್ಕೆ ಕಂದುಛಾಯೆ ಮೂಡಿದರೆ ಮುಂದಿನ ಸಿಟಿಂಗಿನ ತಾರೀಖಿಗೆ ಕಾಯದೆ ತೋರಿಸಬೇಕು. ಕಲೆ ಪೂರ್ತಿ ಮಾಸುವ ಮೊದಲು ಮತ್ತೆ ಸೂಜಿ ಹಾಕಿಸಿಕೊಳ್ಳುವುದು ಹಸಿ ಬಣ್ಣದ ಮೇಲೆ ಇನ್ನೊಂದು ಕೋಟು ಬಳಿದಂತೆ.

ಕೊನೆಗೆ ಮದುವೆಯ ಮಾತು, ಏಕೆಂದರೆ ಮೈಕ್ರೋನೀಡ್ಲಿಂಗ್‌ಗೆ ಓಡುವವರಲ್ಲಿ ಮದುವೆ ಗೊತ್ತಾದವರು ಬಹಳ. ನಮ್ಮ ಮುಹೂರ್ತಗಳು ಒತ್ತೊತ್ತಾಗಿ ಬರುವುದು ವೈಶಾಖದಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ, ಸೂರ್ಯ ನೆತ್ತಿಗೇರುವ ದಿನಗಳಲ್ಲೇ. ಲಗ್ನಪತ್ರಿಕೆ ಅಚ್ಚಾದ ಮೇಲೆ ಮಾರ್ಚಿನಲ್ಲಿ ಅವಸರದ ಸಿಟಿಂಗ್, ಮರುವಾರ ಕೆರೆದಂಡೆಯಲ್ಲೋ ಗುಡ್ಡದ ಮೇಲೋ ಪ್ರಿವೆಡ್ಡಿಂಗ್ ಫೋಟೊ ಶೂಟ್, ಅದರ ಹಿಂದೆಯೇ ಅರಿಶಿನ ಶಾಸ್ತ್ರ, ಆಮೇಲೆ ಮೇಕಪ್ಪು, ಹೋಮದ ಹೊಗೆ: ಗಾಯ ಮಾಗುತ್ತಿರುವ ಚರ್ಮಕ್ಕೆ ಬೇಡವಾದದ್ದೆಲ್ಲ ಸಾಲಾಗಿ ನಿಂತಿರುತ್ತದೆ. ಇದನ್ನೇ ಹಿಂದುಮುಂದಾಗಿ ಎಣಿಸಬೇಕು. ಕನಿಷ್ಠ ಮೂರು ಸಿಟಿಂಗ್, ನಡುವೆ ನಾಲ್ಕರಿಂದ ಆರು ವಾರ, ಕೊನೆಯದರ ನಂತರ ಎರಡು ತಿಂಗಳ ಬಿಡುವು. ಆ ಲೆಕ್ಕಕ್ಕೆ ವೈಶಾಖದ ಮದುವೆಯವರು ನವೆಂಬರಿನಲ್ಲೇ ತೊಡಗಬೇಕು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಸೂರ್ಯನೂ ವರ್ಷದಲ್ಲೇ ಅತಿ ಕೆಳಗಿರುತ್ತಾನೆ, ನಡುವಿನ ಸಿಟಿಂಗ್‌ಗೆ ಹೇಳಿಮಾಡಿಸಿದ ಕಾಲ. ಕಾರ್ತಿಕದ ಮದುವೆಯವರಿಗೆ ಆಷಾಢ ಹಾಗೆಯೇ ಒದಗುತ್ತದೆ, ಅಲ್ಲೂ ಮದುವೆಗಳಿಲ್ಲ, ಮಲೆನಾಡು ಕರಾವಳಿಯಲ್ಲಂತೂ ದಟ್ಟ ಮೋಡ ಕೊಡೆ ಹಿಡಿದಿರುತ್ತದೆ. ಹೀಗೆ ಎಣಿಸಿ ಮಾಡಿಸಿಕೊಂಡ ಹುಡುಗಿ ಹಸೆಮಣೆಗೆ ಬರುವ ಹೊತ್ತಿಗೆ ಕೊನೆಯ ಸೂಜಿ ತಾಗಿ ಎಂಟು ವಾರ ದಾಟಿರುತ್ತದೆ, ರಂಧ್ರಗಳು ಎಂದೋ ಮುಚ್ಚಿರುತ್ತವೆ. ಆಗ ಅತ್ತಿಗೆ ನಾದಿನಿಯರು ಕೈತುಂಬ ಅರಿಶಿನ ತಂದು ಎಷ್ಟು ಬೇಕಾದರೂ ಬಳಿಯಲಿ.